ಐದು ಗಂಟೆಯ ವಿಷಲ್

ನಾನು ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದವಳು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಐದಕ್ಕೆ ಏಳುವುದು ತಪ್ಪಿಲ್ಲ. ತಮ್ಮನ ಮಗಳು ಪೊಲೀಸ್ ಕೆಲಸದ ಓಟದ ಪರೀಕ್ಷೆಗೆ ತಯಾರಾಗಬೇಕೆಂದಾಗ ಅವಳನ್ನು ಬಿಳಿಗೆರೆಯ ನಮ್ಮ ಮನೆಗೇ ಕರೆಸಿಕೊಂಡೆ. ಐದಕ್ಕೆ ವಿಷಲ್, ತೋಟದ ಬದುವಿನ ಸುತ್ತ ಓಟ, ಎರಡೇ ಹೊತ್ತು ಅರ್ಧರ್ಧ ಮುದ್ದೆ, ಸಂಜೆ ಮತ್ತೆ ಓಟ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳಾದ ಮೇಲೆ ಮುಟ್ಟು ನಿಂತಿದೆ ಎಂದಳು. ಓಡುವವರಿಗೆ ಹಾಗೇ, ರಜೆ ಬೇಡವಾಯಿತಲ್ಲ ಎಂದುಬಿಟ್ಟೆ. ಇನ್ನೂ ನಾಲ್ಕು ತಿಂಗಳು ಕಳೆದು ಕಾಲಿನ ಮೂಳೆ ನೋಯತೊಡಗಿದಾಗ ತಿಪಟೂರಿಗೆ ಡಾಕ್ಟರ ಬಳಿ ಕರೆದೊಯ್ದೆ.

ಅವರು ನನಗಿಂತ ಅಚ್ಚುಕಟ್ಟು. ಮೊದಲು ಬಸಿರಿಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸ್ಕ್ಯಾನ್ ಎಂದು ಒಂದೊಂದನ್ನೇ ನೋಡಿ ಪಕ್ಕಕ್ಕಿಟ್ಟರು. ಕೊನೆಗೆ ಸಿಕ್ಕಿದ್ದು ಇಷ್ಟು: ಈಸ್ಟ್ರೋಜನ್ ಬಹಳ ಕಡಿಮೆ, ಮೂಳೆ ಸೊರಗಿದ್ದೂ ಅದರಿಂದಲೇ; ಅಂಡಾಶಯಕ್ಕೆ ಮೆದುಳಿನ ಕಡೆಯಿಂದ ಬರಬೇಕಾದ ಹಾರ್ಮೋನುಗಳೂ ಕಡಿಮೆ. ಅಂಡಾಶಯ ಚೆನ್ನಾಗಿಯೇ ಇತ್ತು. ಮೇಲಿಂದ ಅಪ್ಪಣೆ ಬರುತ್ತಿರಲಿಲ್ಲ. ಊಟವೇನು ಎಂದು ಕೇಳಿದಾಗ ಹೆಮ್ಮೆಯಿಂದ ನೋಟ್‌ಬುಕ್ ಮುಂದಿಟ್ಟೆ. ಎರಡು ಪುಟ ತಿರುವಿ ನನ್ನ ಕಡೆ ನೋಡಿದರು.

“ಕಾಯಿಲೆ ಇಲ್ಲೇ ಬರ್ದಿದೀರಲ್ರೀ ಮೇಡಂ.”

ತಿಂದದ್ದು ಓಟಕ್ಕೇ ಸಾಲದೆಂದು ಕಂಡ ದೇಹ, ಮಗು ಹೊರುವ ಸಿದ್ಧತೆಯನ್ನು ತಾನಾಗಿಯೇ ನಿಲ್ಲಿಸಿತ್ತು. ನೀರು ಸಾಲದಾಗ ತೆಂಗಿನಮರ ಹರಳಿನಂಥ ಎಳೆಗಾಯಿ ಉದುರಿಸಿ ತಾನು ಉಳಿದುಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ಪಕ್ಕದಲ್ಲೇ ಓಡುತ್ತಿದ್ದ ಹುಡುಗಿಯಲ್ಲಿ ಅದು ಕಾಣಲಿಲ್ಲ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಯಾರೂ ಹೇಳಿಕೊಡದೆ ಇಷ್ಟೆಲ್ಲ ಲೆಕ್ಕ ಇಟ್ಟ ಆ ಪುಟ್ಟ ದೇಹವನ್ನು ಊರು ಬರುವವರೆಗೂ ನೋಡುತ್ತಲೇ ಇದ್ದೆ.

ಮಾತ್ರೆಗಿಂತ ಮೊದಲು ಅನ್ನ ಎಂದಿದ್ದರು ಡಾಕ್ಟರು. ಓಟ ಬಂದ್. ಮೂರು ಹೊತ್ತೂ ಹೊಟ್ಟೆ ತುಂಬ ಊಟ, ಹಾಲು, ತುಪ್ಪ, ಮೂಳೆಗೆ ಕ್ಯಾಲ್ಸಿಯಂ. ಆರು ತಿಂಗಳಲ್ಲಿ ಮುಟ್ಟು ಬಾರದಿದ್ದರೆ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿ. ಆ ಸಲದ ಪರೀಕ್ಷೆ ಕೈಬಿಟ್ಟೆವು. ಅವಳು ಅತ್ತಳು. ನಾನು ವಿಷಲನ್ನು ಬೀರುವಿನಲ್ಲಿಟ್ಟೆ. ಐದಕ್ಕೆ ಎದ್ದು, ಅವಳ ನಿದ್ದೆ ಕೆಡದಂತೆ ಸುಮ್ಮನೆ ಕೂರುವುದು ನಾನು ಕಲಿತ ಅತಿ ಕಷ್ಟದ ವ್ಯಾಯಾಮ.

ಐದನೆಯ ತಿಂಗಳು ಒಂದು ಬೆಳಿಗ್ಗೆ, ಹಾಲು ಕಾಯಿಸುತ್ತಿದ್ದಾಗ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಬಂತು ಕಣತ್ತೆ.”

“ಏನೇ ಬಂತು?” ಗೊತ್ತಿದ್ದೇ ಕೇಳಿದೆ.

“ನಿನ್ ನೋಟ್‌ಬುಕ್ಕಲ್ಲಿ ಇಲ್ದಿದ್ದು.”

ಒಲೆ ಆರಿಸಿ ಅವಳ ಕೈ ಹಿಡಿದುಕೊಂಡೆ. ಯಾರೂ ವಿಷಲ್ ಊದಿರಲಿಲ್ಲ.