ತುಂಗಾ ಮನೆಯ ಎರಡನೇ ಆಟಗಾರ್ತಿ

ಶ್ರೀಗಂಧದ ಕಾವಲು ಬಡಾವಣೆಯ ತುಂಗಾಗೆ ಐವತ್ತೆರಡು. ಮದುವೆಯಾಗಲಿಲ್ಲ, ಇರುವುದು ಒಬ್ಬಳೇ. ಜ್ಞಾನಭಾರತಿಯ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಟೈಪ್ ಮಾಡಿದ ಬೆರಳು ಅವಳದು. ಅಣ್ಣನ ಮಗ ಆತ್ರೇಯ ತನ್ನ ಹಳೇ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಅತ್ತೆಗೆ ಕೊಟ್ಟಾಗ, ಕಂಟ್ರೋಲರಿನ ಗುಂಡಿಗಳು ವಾರದೊಳಗೆ ಅವಳ ಮಾತು ಕೇಳತೊಡಗಿದವು.

ಪಕ್ಕದ ಮನೆಯ ಯಶೋದಮ್ಮನಿಗೆ ಆ ಗುಂಡಿಗಳು ಒಲಿಯಲೇ ಇಲ್ಲ. ಆಟದಲ್ಲಿ ಅವರ ಕಾರು ಸದಾ ಗೋಡೆಗೆ ಗುದ್ದುತ್ತಿತ್ತು. ಆದರೆ ಪೆಟ್ಟಿಗೆಗೆ ಒಂದು ಕ್ಯಾಮೆರಾ ಇತ್ತು. ಅದರೆದುರು ಕೈ ಬೀಸಿದರೆ ಸಾಕು, ಟೀವಿಯೊಳಗಿನ ಗೊಂಬೆ ಟೆನಿಸ್ ಆಡುತ್ತಿತ್ತು. ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸುವರು, ನಕ್ಕು ನಕ್ಕು ಸೋಫಾ ಮೇಲೆ ಕುಸಿಯುವರು. ಶನಿವಾರದ ಆ ಒಂದು ಗಂಟೆ ಬಿಟ್ಟರೆ ತುಂಗಾಳ ಮನೆಯಲ್ಲಿ ಎರಡನೇ ಲೋಟ ಕಾಫಿ ಬೆರೆಸುವ ಪ್ರಸಂಗವೇ ಇರಲಿಲ್ಲ.

ಆಷಾಢದ ಒಂದು ಶನಿವಾರ ಯಶೋದಮ್ಮ ಟೆನಿಸ್ ಗೆದ್ದುಬಿಟ್ಟರು. ಸೋತು ಅಭ್ಯಾಸವಿಲ್ಲದ ತುಂಗಾಗೆ ಮೈ ಉರಿಯಿತು.

“ಇದೂ ಒಂದು ಆಟಾನೇನ್ರೀ? ನೊಣ ಓಡಿಸೋರೂ ಹಿಂಗೇ ಕೈ ಬೀಸ್ತಾರೆ. ಗುಂಡಿ ಒತ್ತಿ ಗೆಲ್ಲಿ, ಆಮೇಲೆ ನೋಡೋಣ.”

ಯಶೋದಮ್ಮ ಸೆರಗು ಸರಿಮಾಡಿಕೊಂಡು ಹೊರಟರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ವರಮಹಾಲಕ್ಷ್ಮಿ ಹಬ್ಬ ಬಂತು. ಅಮ್ಮ ತೀರಿಕೊಂಡ ಮೇಲೂ ತುಂಗಾ ಲಕ್ಷ್ಮಿ ಕೂರಿಸುವುದನ್ನು ಬಿಟ್ಟಿರಲಿಲ್ಲ. ನಡುಮನೆಯಲ್ಲಿ ಕಳಶಕ್ಕೆ ಸೀರೆ ಉಡಿಸಿ, ಬೆಳ್ಳಿಯ ಮುಖ ಇಟ್ಟು, ಜಡೆ ಇಳಿಬಿಟ್ಟಳು. ಕುಂಕುಮದ ಭರಣಿ ಹಿಡಿದು ಬೀದಿಯ ಮನೆಮನೆಗೂ ಹೋಗಿ ಕರೆದಳು. ಯಶೋದಮ್ಮನ ಬಾಗಿಲಿಗೆ ಹೋಗಲು ಮಾತ್ರ ಮುಖವಿರಲಿಲ್ಲ. ವಾಟ್ಸಾಪ್ ಹಾಕಿದಳು. ಎಂಥ ದಡ್ಡತನ! ಗೋಡೆಯಾಚೆಯ ಮುತ್ತೈದೆಯನ್ನು ಅರಿಶಿನ ಕುಂಕುಮಕ್ಕೆ ಮೆಸೇಜಿನಲ್ಲಿ ಕರೆಯುವುದುಂಟೇ? ಕರೆಯದಿದ್ದರೇ ವಾಸಿಯಿತ್ತು.

ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಹೋದರು. ಯಶೋದಮ್ಮ ಬರಲಿಲ್ಲ. ಮನೆ ಖಾಲಿಯಾಯಿತು. ತಡೆಯಲಾರದೆ ತುಂಗಾ ಟೆನಿಸ್ ಹಾಕಿದಳು. ಕ್ಯಾಮೆರಾ ನಡುಮನೆಯನ್ನೆಲ್ಲ ನೋಡಿ, ಹಿಂದೆ ಕೂತಿದ್ದ ಲಕ್ಷ್ಮಿಯನ್ನೂ ಯಾರೋ ಹೆಂಗಸೆಂದು ತಿಳಿದು ಎರಡನೇ ಆಟಗಾರ್ತಿಯಾಗಿ ಸೇರಿಸಿಕೊಂಡಿತು. ತುಂಗಾ ಬೀಸಿದಳು. ಆಚೆಯ ಗೊಂಬೆ ಅಲ್ಲಾಡಲಿಲ್ಲ. ಮತ್ತೆ ಬೀಸಿದಳು. ಇಷ್ಟು ಸಲೀಸಾಗಿ ಅವಳು ಯಾವತ್ತೂ ಗೆದ್ದಿರಲಿಲ್ಲ. ಅಳು ಬಂತು.

ಭರಣಿ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲು ತೆರೆದ ಯಶೋದಮ್ಮ ಕುಂಕುಮ ಇಟ್ಟುಕೊಂಡರು. ಒಳಗೆ ಅವರ ಯಜಮಾನರು ರಾಜೇಂದ್ರ ಟೀವಿಯಿಂದ ಕಣ್ಣು ತೆಗೆಯಲಿಲ್ಲ.

“ತಪ್ಪಾಯ್ತು ಕಣ್ರೀ. ಶನಿವಾರ ಬನ್ನಿ. ಕೈ ಬೀಸೋ ಆಟಾನೇ ಆಡೋಣ, ನೀವೇ ಗೆಲ್ಲಿ.”

“ನಾನು ಗೆಲ್ಲೋಕೆ ಬರ್ತಿದ್ನೇನೇ ತುಂಗಾ?” ಯಶೋದಮ್ಮ ದನಿ ತಗ್ಗಿಸಿದರು. “ಈ ಮನೇಲಿ ಜೋರಾಗಿ ನಗೋ ಹಾಗಿಲ್ಲ ಅಂತ ನಿಮ್ಮನೆಗೆ ಬರ್ತಿದ್ದೆ.”

“ಯಾರೇ ಅದು, ಎಷ್ಟೊತ್ತು?” ಒಳಗಿನಿಂದ ರಾಜೇಂದ್ರರು ಗದರಿದರು.

“ಯಾರೂ ಇಲ್ಲ, ಬಂದೆ,” ಎಂದು ಯಶೋದಮ್ಮ ಬಾಗಿಲು ಹಾಕಿಕೊಂಡರು.