ತಮ್ಮನ ಹೆಂಡತಿಯ ಮದುವೆಗೆ ಮೂರಂತಸ್ತಿನ ಕೇಕ್

ನನ್ನ ತಮ್ಮ ತಡವಳದಿಂದ ಅಕ್ಕಲಕೋಟಕ್ಕೆ ಬೈಕಿನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡ. ಅವನ ಹೆಂಡತಿ ತವರಿಗೆ ಹೋಗದೆ ನಮ್ಮವ್ವನ ಜೊತೆಯಲ್ಲೇ ಉಳಿದಳು. ಕೆಲವು ವರ್ಷಗಳ ನಂತರ ಅವಳಿಗೆ ಮತ್ತೊಂದು ಮದುವೆ ಮಾಡಬೇಕೆಂದು ಹಟ ಹಿಡಿದವಳು ಅವ್ವನೇ. ವರ ಹೋಟಗಿಯವನು, ರೈಲ್ವೆಯಲ್ಲಿ ಕೆಲಸ. ನೆಂಟರಲ್ಲಿ ಕೆಲವರು ತಾವು ಬರುವುದಿಲ್ಲ ಎಂದರು. ಅವ್ವ ಅವರನ್ನು ಎರಡನೇ ಸಲ ಕರೆಯಲಿಲ್ಲ.

ನಾನು ಸೊಲ್ಲಾಪುರದ ವ್ಯಾಪಾರಸ್ಥರ ಮನೆಯ ಸೊಸೆ. ಮನೆಯಲ್ಲೇ ಹುಟ್ಟುಹಬ್ಬದ ಕೇಕ್ ಮಾಡಿ ಕೊಡುತ್ತೇನೆ. ಅವ್ವ ಫೋನ್ ಮಾಡಿದಳು.

"ಒಂದರ ಮ್ಯಾಲ ಒಂದು ಇಟ್ಟಿರ್ತಾರಲ್ಲ, ಅಂಥಾ ಕೇಕ್ ಮಾಡ್ಕೊಂಡು ಬಾ. ಮಗಳ ಲಗ್ನಕ್ಕ ಏನೇನು ಮಾಡ್ತಾರೋ ಎಲ್ಲಾ ಆಗ್ಲಿ."

"ಅಂಥಾದ್ದು ನಾ ಎಂದೂ ಮಾಡಿಲ್ಲವ್ವಾ."

"ನಾನೂ ಸೊಸಿ ಲಗ್ನ ಎಂದೂ ಮಾಡಿಲ್ಲ," ಎಂದಳು.

ಮೊಟ್ಟೆಯಿಲ್ಲದ ಮೂರು ಕೇಕ್ ಮಾಡಿದೆ. ಫಾಂಡಂಟ್ ಎಂಬ ಸಕ್ಕರೆಯ ಹಿಟ್ಟನ್ನು ಕಣಕದಂತೆ ನಾದಿ, ದೊಡ್ಡದಾಗಿ ಲಟ್ಟಿಸಿ ಕೇಕುಗಳಿಗೆ ಹೊದಿಸಿದೆ. ಮೂರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಮದುವೆ ನಡೆಯಲಿದ್ದ ಅಕ್ಕಲಕೋಟದ ಮಂಗಲ ಕಾರ್ಯಾಲಯಕ್ಕೆ ತಂದೆ. ಮದುಮಗಳ ಕೋಣೆಯ ಮೇಜಿನ ಮೇಲೆ ಜೋಡಿಸಲು ತೊಡಗಿದೆ.

ಕೇಕ್ ಮೆತ್ತಗಿರುತ್ತದೆ, ಇನ್ನೊಂದರ ಭಾರ ತಡೆಯುವುದಿಲ್ಲ. ಅದಕ್ಕೇ ಕೆಳಗಿನದರೊಳಗೆ ಕಡ್ಡಿಗಳನ್ನು ಊರಿ ಮಟ್ಟಕ್ಕೆ ಕತ್ತರಿಸಬೇಕು. ಮೇಲಿನ ಕೇಕು ತನ್ನ ರಟ್ಟಿನ ತಟ್ಟೆಯ ಸಮೇತ ಆ ಕಡ್ಡಿಗಳ ಮೇಲೆ ಕೂರುತ್ತದೆ. ನಾನು ಒಂದೊಂದು ಕಡ್ಡಿಯನ್ನೂ ಊರಿದಲ್ಲೇ ಅಳೆದು ಕತ್ತರಿಸಿದ್ದೆ. ಕೇಕಿನ ಮೈ ಒಂದು ಕಡೆ ತಗ್ಗಾಗಿತ್ತು, ಹಾಗಾಗಿ ಕಡ್ಡಿಗಳೂ ಉದ್ದಗಿಡ್ಡವಾದವು. ಮೂರನೆಯದನ್ನು ಇಟ್ಟೊಡನೆ ಎಲ್ಲವೂ ಮೆಲ್ಲಗೆ ವಾಲತೊಡಗಿತು. ಕೆಳಗಿನ ಫಾಂಡಂಟ್ ಬಿರಿಯಿತು. ಮೇಲಿನದನ್ನು ಹಿಡಿದುಕೊಂಡೆ.

ಕನ್ನಡಿಯ ಮುಂದೆ ಕುಳಿತಿದ್ದ ಮದುಮಗಳು ಎದ್ದು ಬಂದಳು. ಎರಡೂ ಕೈಯಿಂದ ನಡುವಿನ ಕೇಕನ್ನು ಆನಿಸಿ ಹಿಡಿದಳು. ಕೈತುಂಬ ಹಸಿರು ಬಳೆಗಳಿದ್ದವು.

"ನಾ ಹಿಡೀತೀನ್ರಿ ಅಕ್ಕಾರ. ನೀವು ಮ್ಯಾಲಿಂದು ತಗೀರಿ."

ಮೇಲಿನದನ್ನು ಇಳಿಸಿದೆ. ಅವಳು ನಡುವಿನದನ್ನು ತಟ್ಟೆ ಸಮೇತ ಎತ್ತಿ ಹಿಡಿದು ನಿಂತಳು. ನಾನು ಕಡ್ಡಿಗಳನ್ನೆಲ್ಲ ಕಿತ್ತು ಹೊಸ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸತೊಡಗಿದೆ.

"ಅಕ್ಕಾರ, ಅವರ ಮುಖಾ ಈಗೀಗ ಪೂರಾ ನೆನಪಿಗೆ ಬರಂಗಿಲ್ರಿ," ಎಂದಳು ತಗ್ಗಿದ ದನಿಯಲ್ಲಿ. "ಫೋಟೋ ನೋಡಿದ್ರಷ್ಟ ಬರ್ತದ. ಇದು ಪಾಪ ಏನ್ರಿ?"

ಕತ್ತರಿ ಕೈಯಲ್ಲೇ ಉಳಿಯಿತು. ನಾನು ತಮ್ಮನನ್ನು ಎತ್ತಿ ಆಡಿಸಿದವಳು.

"ಪಾಪ ಅಲ್ಲ ತಂಗಿ. ನನಗೂ ಹಂಗ ಆಗ್ತದ," ಎಂದೆ. ಅದು ನಿಜವೇ ಆಗಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ.

ಕಣ್ಣು ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ಹೊಸ ಕಡ್ಡಿಗಳ ಮೇಲೆ ನಡುವಿನದನ್ನು ಇಬ್ಬರೂ ಸೇರಿ ಇಳಿಸಿದೆವು. ಮೇಲಿನದನ್ನೂ ಇಟ್ಟು, ಚೂಪಾದ ಉದ್ದನೆಯ ಕಡ್ಡಿಯೊಂದನ್ನು ತುದಿಯಿಂದ ತಳದವರೆಗೆ ಇಳಿಸಿದೆ. ಕೇಕು ನಿಂತಿತು. ಬಿರುಕು ಮಾತ್ರ ಪೂರ್ತಿ ಮುಚ್ಚಲಿಲ್ಲ.

ಅಕ್ಷತೆ ಬಿದ್ದ ಮೇಲೆ ಅವಳು ಕೇಕ್ ಕತ್ತರಿಸಿ ಮೊದಲ ತುಂಡನ್ನು ಅವ್ವನ ಬಾಯಿಗಿಟ್ಟಳು. ಅವ್ವ ನಿಧಾನವಾಗಿ ತಿಂದಳು. ಅವಳ ತಲೆಯ ಮೇಲೆ ಕೈಯಿಟ್ಟು, "ದೀಪಾಳಿ ಹಬ್ಬಕ್ಕ ಇಬ್ಬರೂ ಬರ್ರಿ. ಇದು ನಿನ್ನ ತವರುಮನಿ," ಎಂದಳು.

ಹೋಟಗಿಯ ಕಾರು ಹೊರಟ ಮೇಲೆ ಅವ್ವ ಕಾರ್ಯಾಲಯದ ಮೆಟ್ಟಿಲ ಮೇಲೆ ಕುಳಿತಳು. ಬಹಳ ಹೊತ್ತು ಏಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.