ಲಾಂಡ್ರಿಯಲ್ಲಿ ಹುಟ್ಟಿದ ಆಲ್ಬಂ

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಗುಂಗಿ ಎಂದೇ. ಕೂತರೂ ನಿಂತರೂ ಗುಂಗಿಹುಳದ ಹಾಗೆ ಏನಾದರೊಂದು ಗುನುಗುತ್ತಲೇ ಇರುವವಳು. ನಮ್ಮದು ಲಾಂಡ್ರಿ, ಕೆಳಗೆ ಅಂಗಡಿ, ಮೇಲೆ ಮನೆ. ಒಗೆಯುವ ಮಷೀನುಗಳು ಅಪ್ಪನ ಪಾಲು. ನಾನು ಗಲ್ಲಾದಲ್ಲಿ ಕೂತು ಗಿರಾಕಿಗಳ ಜೊತೆ ಜಗಳವಾಡುತ್ತೇನೆ. ಗುಂಗಿ ಇಸ್ತ್ರಿ ಮಾಡುತ್ತಾಳೆ. ಅವಳು ಮಡಿಸಿದ ಷರಟಿನ ಕಾಲರು ನೋಡಬೇಕು ನೀವು! ಅದೇ ಕೈ ಒಂದು ಆಲ್ಬಮ್ಮನ್ನೂ ಮಾಡಿದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಜಂಬ ಅಂದರೆ ಜಂಬವೇ ಅನ್ನಿ.

ತಿಳಿದವರು ಅದನ್ನು ಸೈಕೆಡೆಲಿಕ್ ಪಾಪ್ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ದನಿ ನೀರಿನೊಳಗಿಂದ ಬರುತ್ತದೆ, ಗಿಟಾರು ಹಿಂದುಮುಂದಾಗಿ ನುಡಿಯುತ್ತದೆ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಒಳಗೆ ನುಗ್ಗಿರುತ್ತದೆ.

"ಇದೇನೇ, ಜ್ವರ ಬಂದಾಗ ಹಾಡಿದ್ದಾ?" ಎಂದು ರೇಗಿಸಿದೆ.

ಮಾರನೆಯ ದಿನ ನೋಡಿದರೆ, ಬಟ್ಟೆಗಳಿಗೆ ಚೀಟಿ ಚುಚ್ಚುತ್ತಾ ನಾನೇ ಅದನ್ನು ಗುನುಗುತ್ತಿದ್ದೇನೆ! ಅಷ್ಟೊಂದು ಗೊಂದಲದ ಅಡಿಯಲ್ಲಿ ಮಕ್ಕಳೂ ಹಾಡಿಕೊಳ್ಳುವಂಥ ರಾಗವನ್ನು ಬಚ್ಚಿಟ್ಟಿದ್ದಾಳೆ ಕಳ್ಳಿ. ಒಮ್ಮೆ ಅದು ಕಿವಿಗೆ ಸಿಕ್ಕಿತೋ, ಮುಗಿಯಿತು. ಆಮೇಲೆ ಪ್ರತಿ ಸಲ ಕೇಳಿದಾಗಲೂ ಇನ್ನೊಂದು ಹೊಸ ಸದ್ದು ಸಿಗುತ್ತದೆ.

ಆಲ್ಬಂ ಹೊರತರುವವನೊಬ್ಬ ಸಿಕ್ಕಿದ್ದ. ಅವನದೊಂದೇ ತಕರಾರು. ಕೊನೆಯ ಉದ್ದನೆಯ ಹಾಡಿನಲ್ಲಿ ದಡಬಡ ಸದ್ದು ಜಾಸ್ತಿಯಾಯಿತು, ತೆಗೆದುಬಿಡಿ, ಸಂಜೆಯೊಳಗೆ ಹೇಳಿ ಅಂದ. ಗುಂಗಿಗೆ ಆ ಹಾಡೆಂದರೆ ಜೀವ. ಅವಳ ಮುಖ ಸಣ್ಣಗಾಯಿತು.

"ಅಪ್ಪ ಕೊನೇವರೆಗೂ ಕೂತು ಕೇಳಿದ್ರೆ ಹಾಗೇ ಬಿಡ್ತೀನಿ ಅಕ್ಕಾ. ಅಪ್ಪಂಗೇ ಕೂರೋಕಾಗ್ಲಿಲ್ಲ ಅಂದ್ರೆ ಬೇರೆಯವ್ರು ಯಾಕೆ ಕೂರ್ತಾರೆ?"

ಮಧ್ಯಾಹ್ನ ಅಂಗಡಿಯ ಸ್ಪೀಕರಿನಲ್ಲಿ ಆ ಹಾಡು ಹಾಕಿದಳು. ಹಿಂದಿನ ಕೋಣೆಯಲ್ಲಿ ಮಷೀನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಅಪ್ಪ ಸ್ಟೂಲಿನ ಮೇಲೆ ಮದುವೆಗೆ ಬಂದವರ ಹಾಗೆ ಕೂತರು. ಅರ್ಧ ಹಾಡು ಆಗಿತ್ತೋ ಇಲ್ಲವೋ, ಧಡ್ ಧಡ್ ಎಂದು ಶುರುವಾಯಿತು. ಅಪ್ಪ ತಟ್ಟನೆ ಎದ್ದು, ತಿರುಗಿಯೂ ನೋಡದೆ ಒಳಗೆ ಓಡಿದರು.

ಗುಂಗಿ ಆಲ್ಬಂ ಹೊರತರುವವನಿಗೆ ಒಪ್ಪಿಗೆ ಹೇಳಲು ಫೋನು ಕೈಗೆತ್ತಿಕೊಂಡಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮಗಳಿಗಾಗಿ ಒಂದು ಹಾಡಿನ ಹೊತ್ತು ಕೂರಲಾಗದೇ ಎಂದು ಜಾಡಿಸಲು ಹಿಂದೆಯೇ ಹೋದೆ. ಅಪ್ಪ ಎಲ್ಲ ಮಷೀನುಗಳನ್ನೂ ಆರಿಸಿ, ಒಂದಕ್ಕೆ ಕಿವಿಕೊಟ್ಟು ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

"ಎಲ್ಲಾ ಆರಿಸ್ದೆ ಕಣೇ, ಆದ್ರೂ ಬಡ್ಕೋತಾನೇ ಇದೆ!"

ಹೊದಿಕೆಗಳು ಒದ್ದೆಯಾಗಿ ಒಂದೇ ಕಡೆ ಗಂಟುಕಟ್ಟಿದರೆ ಮಷೀನು ಹಾಗೆ ಬಡಿದುಕೊಳ್ಳುತ್ತದೆ. ಆ ಸದ್ದು ಕೇಳಿದರೆ ಅಪ್ಪ ಊಟದ ತಟ್ಟೆ ಬಿಟ್ಟಾದರೂ ಓಡುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ. ಅಪ್ಪನ ಕೈಹಿಡಿದು ಅಂಗಡಿಗೆ ಎಳೆದುಕೊಂಡು ಬಂದೆ.

"ಫೋನು ಇಡೇ! ಇವ್ರು ನಿನ್ನ ಹಾಡು ರಿಪೇರಿ ಮಾಡೋಕೆ ಹೋಗಿದ್ರು!"

"ಹಾಡೊಳಗಿರೋದು ನಮ್ಮ ಮಷೀನಾ?" ಅಪ್ಪ ಕೇಳಿದರು.

"ಹೂಂ. ಅದು ಬಡ್ಕೊಂಡ್ರೆ ನೀವು ಓಡ್ತೀರಲ್ಲಪ್ಪಾ, ಆ ಓಟಾನೇ ಹಾಡು ಮಾಡಿದೀನಿ." ಎಂದಳು ಗುಂಗಿ.

ಅಪ್ಪ ಸ್ಪೀಕರಿನ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು, "ಮೊದಲಿಂದ ಹಾಕು" ಅಂದರು. ಆ ಸದ್ದು ಬಂದಾಗ ಎರಡೂ ಕೈಯಲ್ಲಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆದರೆ ಏಳಲಿಲ್ಲ. ಗುಂಗಿ ಅಲ್ಲೇ ಫೋನು ಮಾಡಿ, ಏನನ್ನೂ ತೆಗೆಯುವುದಿಲ್ಲ ಎಂದಳು. ಅವನು ಗೊಣಗಿ ಗೊಣಗಿ ಒಪ್ಪಿದ.

ಆಲ್ಬಂ ಹೊರಬಂದ ವಾರ, ಅಂಗಡಿಯಲ್ಲಿ ಅದೇ ಹಾಡು ಓಡುತ್ತಿತ್ತು. ಗಿರಾಕಿಯೊಬ್ಬರು ಅವಸರದಲ್ಲಿ ಬಂದು, "ಯಜಮಾನ್ರೇ, ಈ ಗಲಾಟೆ ನಿಲ್ಸಿ, ಬೇಗ ನನ್ನ ಕೋಟು ಕೊಡಿ" ಅಂದರು.

ಅಪ್ಪ ತಮ್ಮ ಸ್ಟೂಲನ್ನೇ ಅವರ ಮುಂದೆ ಇಟ್ಟರು.

"ಕೂತ್ಕೊಳ್ಳಿ ಸ್ವಾಮಿ. ಹಾಡು ಮುಗೀಲಿ, ಕೊಡ್ತೀನಿ. ನನ್ನ ಮಗಳದ್ದು."